ಶೆಲ್ ಸ್ಕ್ರಿಪ್ಟ್ ಪ್ರಶ್ನೋತ್ತರ: ಎರಡು ಫೈಲ್‌ಗಳಲ್ಲಿ ಹೊಸದು ಯಾವುದು?

ಪ್ರಶ್ನೆ: ಲೆಕ್ಕದ ಫೈಲ್ ಬದಲಾಗಿದ್ದರೆ ಮಾತ್ರ ರಾತ್ರಿ ಪೆನ್‌ಡ್ರೈವ್‌ಗೆ ಕಾಪಿ ಮಾಡುವಂತೆ ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಬರೆದಿದ್ದೇನೆ. ಎರಡೂ ಫೈಲ್‌ಗಳ ದಿನಾಂಕ ತೆಗೆದು ಚೌಕ ಆವರಣದೊಳಗೆ > ಚಿಹ್ನೆಯಿಂದ ಹೋಲಿಸುತ್ತೇನೆ. ಫೈಲ್ ಬದಲಾಗದಿದ್ದರೂ ದಿನವೂ ಕಾಪಿ ಆಗುತ್ತಿದೆ. ಜೊತೆಗೆ 01-02-2025 ಎಂಬ ಹೆಸರಿನ ಖಾಲಿ ಫೈಲ್ ಬೇರೆ ಹುಟ್ಟಿಕೊಂಡಿದೆ. ಏಕೆ?

ಉತ್ತರ: ಆ ಖಾಲಿ ಫೈಲೇ ಕಾರಣವನ್ನು ಹೇಳುತ್ತಿದೆ. ಒಂಟಿ ಚೌಕ ಆವರಣದಲ್ಲಿ > ಚಿಹ್ನೆ ಹೋಲಿಸುವುದಿಲ್ಲ. ಔಟ್‌ಪುಟ್ ಅನ್ನು ಫೈಲಿಗೆ ಕಳಿಸು ಎಂದೇ ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಅದನ್ನು ಓದುತ್ತದೆ. ಎರಡನೇ ದಿನಾಂಕ ಫೈಲಿನ ಹೆಸರಾಯಿತು, ಆವರಣದೊಳಗೆ ಮೊದಲನೆಯದಷ್ಟೇ ಉಳಿಯಿತು. ಖಾಲಿಯಲ್ಲದ ಒಂದೇ ಪದವಿದ್ದರೆ ಪರೀಕ್ಷೆ ಯಾವಾಗಲೂ ಪಾಸು, ಹಾಗಾಗಿ ದಿನವೂ ಕಾಪಿ. ಬ್ಯಾಶ್ ಎಂಬ ಶೆಲ್‌ನಲ್ಲಿ ಜೋಡಿ ಆವರಣ ಹಾಕಿದರೆ ಖಾಲಿ ಫೈಲ್ ಹುಟ್ಟುವುದಿಲ್ಲ, ಆದರೆ ಹೋಲಿಕೆ ಆಗಲೂ ತಪ್ಪೇ: ಎಡದಿಂದ ಅಕ್ಷರಕ್ಕೆ ಅಕ್ಷರ ನೋಡಿದಾಗ 31-01-2025 ಎಂಬುದು 01-02-2025ಕ್ಕಿಂತ ದೊಡ್ಡದು.

ದಿನಾಂಕ ತೆಗೆಯುವ ಗೋಜೇ ಬೇಡ. ಒಂಟಿ ಚೌಕ ಆವರಣ ಎಂದರೆ ಟೆಸ್ಟ್ ಕಮಾಂಡೇ; ಅದಕ್ಕೆ ‘ಮೊದಲ ಫೈಲ್ ಎರಡನೆಯದಕ್ಕಿಂತ ಹೊಸದೇ’ ಎಂದು ನೋಡುವ ಎನ್‌ಟಿ ಎಂಬ ಆಯ್ಕೆಯಿದೆ. ಆವರಣದೊಳಗೆ ಮೂಲ ಫೈಲ್, ಸ್ಪೇಸ್, ಹೈಫನ್ ಸೇರಿದ ಎನ್‌ಟಿ, ಸ್ಪೇಸ್, ಕಾಪಿ ಫೈಲ್, ಹೀಗೆ ಬರೆಯಿರಿ. ಹೆಸರುಗಳಿಗೆ ಜೋಡಿ ಉದ್ಧರಣ ಚಿಹ್ನೆ ಇರಲಿ, ಇಲ್ಲವಾದರೆ ಸ್ಪೇಸ್ ಇರುವ ಹೆಸರು ಬಂದ ದಿನ ಸ್ಕ್ರಿಪ್ಟ್ ಕೈಕೊಡುತ್ತದೆ. ಕಾಪಿ ಇನ್ನೂ ಇಲ್ಲದಿದ್ದಾಗ ಬ್ಯಾಶ್ ‘ಮೂಲವೇ ಹೊಸದು’ ಎನ್ನುತ್ತದೆ. ಉಬುಂಟುವಿನಲ್ಲಿ ಎಸ್‌ಎಚ್ ಎಂಬ ಹೆಸರಿನಲ್ಲಿ ಓಡುವ ಡ್ಯಾಶ್ ಶೆಲ್‌ನ ಎಷ್ಟೋ ಆವೃತ್ತಿಗಳು ‘ಅಲ್ಲ’ ಎನ್ನುತ್ತವೆ. ಅಲ್ಲಿ ಮೊದಲ ಕಾಪಿಯೇ ಆಗುವುದಿಲ್ಲ. ಆದ್ದರಿಂದ ‘ಕಾಪಿ ಇಲ್ಲವೇ, ಅಥವಾ ಮೂಲ ಹೊಸದೇ’ ಎಂದು ಎರಡನ್ನೂ ಪರೀಕ್ಷಿಸಿ.

ಪೆನ್‌ಡ್ರೈವ್ ಎಂದಿದ್ದೀರಿ, ಅದೂ ಮುಖ್ಯ. ಫ್ಯಾಟ್32 ಫಾರ್ಮ್ಯಾಟ್ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಇಡುತ್ತದೆ. ಮೂಲದ ಸಮಯವನ್ನೇ ಉಳಿಸಿಕೊಳ್ಳುವ ಪಿ ಆಯ್ಕೆ ಹಾಕಿ ಸಿಪಿ ಕಮಾಂಡಿನಿಂದ ಕಾಪಿ ಮಾಡಿದರೆ, 10:15:07ರ ಫೈಲ್ ಅಲ್ಲಿ 10:15:06 ಆಗಿ ಕೂರುತ್ತದೆ; ಮೂಲ ಸದಾ ಹೊಸದಾಗಿಯೇ ಕಾಣುತ್ತದೆ. ಇಲ್ಲಿ ಪಿ ಬಿಡಿ. ಟಾರ್‌ನಿಂದ (ಫೈಲ್‌ಗಳನ್ನು ಒಂದೇ ಕಟ್ಟಾಗಿ ಕಟ್ಟುವ, ಬಿಚ್ಚುವ ಕಮಾಂಡ್) ಹಳೆಯ ಫೈಲನ್ನು ಬಿಚ್ಚಿ ಮೂಲದ ಜಾಗದಲ್ಲಿ ಇಟ್ಟಾಗ ಅದರ ಹಳೆಯ ಸಮಯವೇ ಉಳಿಯುವುದರಿಂದ ಎನ್‌ಟಿಗೆ ಬದಲಾವಣೆ ತಿಳಿಯದು. ಅಂಥ ಕಡೆ ಒಳಗಿನ ಮಾಹಿತಿಯನ್ನೇ ಹೋಲಿಸುವ ಸಿಎಂಪಿ ಬಳಸಿ.

ಪ್ರಶ್ನೆ: 7 ದಿನ ಮೀರಿದ ಬ್ಯಾಕಪ್ ಅಳಿಸಲು ಫೈಲ್ ಹುಡುಕುವ ಫೈಂಡ್ ಕಮಾಂಡಿನಲ್ಲಿ, ಬದಲಾಗಿ ಎಷ್ಟು ದಿನವಾಯಿತು ಎಂದು ನೋಡುವ ಎಂಟೈಮ್ ಆಯ್ಕೆಗೆ +7 ಕೊಟ್ಟಿದ್ದೇನೆ. ಏಳೂವರೆ ದಿನದ ಫೈಲ್ ಉಳಿದೇ ಇದೆ.

ಉತ್ತರ: ಫೈಂಡ್ ವಯಸ್ಸನ್ನು 24 ಗಂಟೆಗಳಿಂದ ಭಾಗಿಸಿ ಉಳಿದ ಚೂರನ್ನು ಬಿಟ್ಟುಬಿಡುತ್ತದೆ. ಏಳೂವರೆ ಅದಕ್ಕೆ 7 ಮಾತ್ರ. +7 ಎಂದರೆ 8 ತುಂಬಬೇಕು. ನಿಮಗೆ ಬೇಕಾದದ್ದು +6. ಡಿಲೀಟ್ ಆಯ್ಕೆಯನ್ನು ಸಾಲಿನ ಕೊನೆಯಲ್ಲೇ ಇಡಿ. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆ, ಡಿಲೀಟ್ ಮೊದಲು ಬಂದರೆ ವಯಸ್ಸು ನೋಡದೆ ಎಲ್ಲವನ್ನೂ ಅಳಿಸುತ್ತದೆ. ಒಮ್ಮೆ ಅದರ ಬದಲು ಪ್ರಿಂಟ್ ಕೊಟ್ಟು ಪಟ್ಟಿ ನೋಡಿಕೊಳ್ಳಿ.