ಪರವಾನಗಿಯ ಅಂಜಿಕೆಗೆ ಲಸಿಕೆ ತಪ್ಪಿಸಿಕೊಳ್ಳಬೇಕೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂದಿತು; ಬರೆದವರ ಮೇಲಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರನ್ನೂ ದೇಶವನ್ನೂ ಮರೆಮಾಡುವಂತೆ ಕೋರಿರುವ ಈ ಸೋದರಿ ಕೆಲವು ವರ್ಷಗಳಿಂದ ವಿದೇಶದಲ್ಲಿ ದುಡಿಯುತ್ತಿದ್ದಾರೆ. ಅಲ್ಲಿನ ಆರೋಗ್ಯ ಇಲಾಖೆ 2021ರ ಈ ಆಗಸ್ಟ್ ಕೊನೆಗೆ ಅವರಿಗೆ ಫೈಜರ್ ಕೋವಿಡ್ ಲಸಿಕೆಯ ದಿನ ಗೊತ್ತುಮಾಡಿದೆ. 'ಡಿಸೆಂಬರಿನಲ್ಲಿ ಹೇಗೂ ಬರುತ್ತೀಯಲ್ಲ, ಇಲ್ಲಿಯೇ ಹಾಕಿಸಿಕೊ, ಅಲ್ಲಿಯದು ನಮ್ಮ ಮೈಗೆ ಒಗ್ಗುವುದಿಲ್ಲ' ಎಂದು ಅಣ್ಣ ಫೋನಿನಲ್ಲಿ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ ಎಂಬುದು ಪ್ರಶ್ನೆ.

ಅಣ್ಣನ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಈ ಲಸಿಕೆಯನ್ನು ಆರು ದೇಶಗಳ ಸುಮಾರು 44,000 ಮಂದಿಯಲ್ಲಿ ಪರೀಕ್ಷಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರ್ 31ರಂದೇ ಅದನ್ನು ತುರ್ತು ಬಳಕೆಯ ಪಟ್ಟಿಗೆ ಸೇರಿಸಿದೆ. ಎರಡು ಡೋಸ್‌ಗಳ ನಡುವೆ 21 ದಿನಗಳ ಅಂತರವೆಂದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ನೀವು ಎರಡನ್ನೂ ಪಡೆದಿರುತ್ತೀರಿ. ಕೊರೊನಾದ ಡೆಲ್ಟಾ ತಳಿ ಹರಡುತ್ತಿರುವ ಹೊತ್ತಿನಲ್ಲಿ ಡಿಸೆಂಬರಿನವರೆಗೆ ಬರಿಗೈಯಲ್ಲಿ ಕಾಯುವುದನ್ನು ಎಚ್ಚರಿಕೆ ಎನ್ನಲಾಗದು.

ಆದರೆ ಪತ್ರದ ಕೊನೆಯಲ್ಲಿ, ಅಮ್ಮನ ಆರೋಗ್ಯದ ವಿಚಾರಕ್ಕೂ ವಂದನೆಗಳಿಗೂ ನಡುವೆ, ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಹೋಗಿರುವ ಮಾತೊಂದಿದೆ: 'ನನ್ನ ವಾಸದ ಪರವಾನಗಿಯ ಅವಧಿ ಜೂನ್‌ನಲ್ಲೇ ಮುಗಿದಿದೆ, ನವೀಕರಣಕ್ಕೆ ಅರ್ಜಿ ಹಾಕಿದ್ದೇವೆ, ಅಲ್ಲಿಯವರೆಗೆ ಎಲ್ಲಿಯೂ ಹೆಸರು ಕೊಡಬೇಡಿ ಎಂದು ನಮ್ಮ ವ್ಯವಸ್ಥಾಪಕರು ಹೇಳಿದ್ದಾರೆ.' ನಿಮ್ಮನ್ನು ಹಿಡಿದು ನಿಲ್ಲಿಸಿರುವುದು ಇದು. ಅಣ್ಣನ ಮಾತು ನಿಮಗೆ ಅನುಕೂಲವಾಗಿ ಒದಗಿದ ನೆಪವಷ್ಟೆ, ಪಾಪ.

ಈ ವ್ಯವಸ್ಥಾಪಕರ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಬೇಕಾದದ್ದು ಅವರ ಕಚೇರಿಯ ಹೊಣೆಯಾಗಿತ್ತೆಂದು ನೀವೇ ಬರೆದಿದ್ದೀರಿ. ತಮ್ಮ ಆಲಸ್ಯ ಬಯಲಾಗದಿರಲೆಂದು ಅವರು ನಿಮ್ಮನ್ನು ಬಚ್ಚಿಟ್ಟುಕೊಳ್ಳಲು ಹೇಳುತ್ತಿದ್ದಾರೆ. ಅರ್ಜಿಯ ಸ್ವೀಕೃತಿ ಪತ್ರವನ್ನು ನೀವು ಕಣ್ಣಾರೆ ಕಂಡಿದ್ದೀರಾ? ಬೇರೆಯವರ ಮೇಜಿನಲ್ಲಿರುವ ನಮ್ಮ ಕಾಗದ ನಮ್ಮದಲ್ಲ ಎಂದು ಈ ಅಂಕಣದಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ, ಬಾಡಿಗೆ ಕರಾರಿನ ವಿಷಯದಲ್ಲಿಯೂ, ಮದುವೆಯ ನೋಂದಣಿಯ ವಿಷಯದಲ್ಲಿಯೂ.

ಸರ್ಕಾರಗಳು ಈ ಭಯವನ್ನು ಅರಿಯದೆ ಇಲ್ಲ. ನವೀಕರಣಕ್ಕೆ ಕಾದಿದ್ದ ವಲಸಿಗರಿಗೂ ಆರೋಗ್ಯ ಸೇವೆ ಸಿಗುವಂತೆ ಪೋರ್ಚುಗಲ್ 2020ರ ಮಾರ್ಚ್‌ನಲ್ಲಿಯೇ ಅವರಿಗೆ ತಾತ್ಕಾಲಿಕವಾಗಿ ಕಾಯಂ ನಿವಾಸಿಗಳ ಹಕ್ಕುಗಳನ್ನು ನೀಡಿತು. ಲಸಿಕೆ ಪಡೆಯಲು ವಲಸೆ ಸ್ಥಿತಿಯ ತಪಾಸಣೆ ಇರುವುದಿಲ್ಲವೆಂದು ಬ್ರಿಟನ್, ಲಸಿಕಾ ಕೇಂದ್ರಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆ ನಡೆಯದೆಂದು ಅಮೆರಿಕ, ಎರಡೂ 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದವು. ನೀವಿರುವ ದೇಶದ ನಿಯಮವನ್ನು ಅಲ್ಲಿನ ಲಸಿಕಾ ಸಹಾಯವಾಣಿಗೆ ಹೆಸರು ಹೇಳದೆಯೇ ಕರೆಮಾಡಿ ಕೇಳಬಹುದು. ಅಷ್ಟಕ್ಕೂ ದಿನ ಗೊತ್ತುಮಾಡಿ ಸಂದೇಶ ಕಳುಹಿಸಿದವರಿಗೆ ನಿಮ್ಮ ಹೆಸರು ಮೊದಲೇ ತಿಳಿದಿದೆಯಲ್ಲವೆ?

ಸ್ಥಳೀಯರ ಪಾಲನ್ನು ಕಸಿದುಕೊಂಡಂತಾಗುವುದೇ ಎಂದೂ ಕೇಳಿದ್ದೀರಿ. ಇಲ್ಲ. ಆ ದಿನ ನಿಮ್ಮ ಹೆಸರಿಗೇ ಇದೆ.

ಆದ್ದರಿಂದ ನನ್ನ ಸೂಚನೆ ಒಂದೇ: ನಾಳೆಯೇ ವ್ಯವಸ್ಥಾಪಕರಿಗೆ ಇಮೇಲ್ ಬರೆದು ಸ್ವೀಕೃತಿ ಪತ್ರದ ಪ್ರತಿಯನ್ನು ಕೇಳಿ, ಸಹಾಯವಾಣಿಯವರು ಬೇಡವೆನ್ನದಿದ್ದರೆ ಅದು ಕೈಸೇರಲಿ ಸೇರದಿರಲಿ, ಗೊತ್ತಾದ ದಿನ ಪಾಸ್‌ಪೋರ್ಟ್ ಹಿಡಿದು ಲಸಿಕೆಗೆ ಹೋಗಿ. ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ನಮೂದಾಗಿವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಪ್ರಯಾಣದ ವೇಳೆ ತಿದ್ದಿಸುವುದು ಕಷ್ಟ. ಅಣ್ಣನಿಗೆ ಎರಡನೆಯ ಡೋಸ್ ಆದ ಮೇಲೆ ತಿಳಿಸಿದರೆ ಸಾಕು.