ಒದ್ದೆ ಟವೆಲ್ ಹೊದ್ದರೆ ಬಿಸಿಲು ಸುಡಲ್ವಾ? ಸುಡುತ್ತೆ, ನನ್ನ ಬೆನ್ನೇ ಸಾಕ್ಷಿ

ಬಳ್ಳಾರಿ ಬಿಸಿಲಲ್ಲಿ ಸರ್ವೆ ಕೆಲಸ, ಒದ್ದೆ ಟವೆಲ್ ಹೊದ್ಕೊಳ್ತೀನಿ, ಅದರ ಜೊತೆಗೆ ಸನ್‌ಸ್ಕ್ರೀನ್ ಕ್ರೀಮು ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ಹೇಳುವ ಅಂಕಿ) 30 ತಗೊಳ್ಳಲಾ 50 ತಗೊಳ್ಳಲಾ ಅಂತ ಕೇಳಿದ್ದೀರಿ. ಮೊದಲು ಆ ಟವೆಲ್ ಪಕ್ಕಕ್ಕಿಡಿ.

ನಮ್ಮೂರು ಸಿಂಧನೂರು ಹತ್ತಿರ. ಡಿಗ್ರಿ ಮೊದಲ ವರ್ಷದ ರಜೆ, ಏಪ್ರಿಲ್ ಕೊನೆ. ಬೇಸಿಗೆ ಭತ್ತ ರಸ್ತೆ ಬದಿ ಒಣ ಹಾಕಿದ್ವಿ. 10 ಗಂಟೆಯಿಂದ 3ರವರೆಗೆ ಕಾಲಲ್ಲಿ ಭತ್ತ ಕೆದಕುವುದು ನನ್ನ ಪಾಲಿಗೆ ಬಂದಿತ್ತು. ಅಪ್ಪ ದಪ್ಪ ಅಂಗಿ, ತಲೆಗೆ ರುಮಾಲು. "ಅಂಗಿ ಹಾಕ್ಕೋ ತಮ್ಮಾ" ಅಂದ. ನಾನು ಜಾಣ ಅಲ್ವಾ? ತೋಳಿರುವ ತೆಳು ಬಿಳಿ ಬನಿಯನ್ ಬಕೆಟ್‌ಗೆ ಅದ್ದಿ, ಹಿಂಡದೇ ಹಾಕಿಕೊಂಡೆ. ಗಾಳಿ ಬೀಸಿದರೆ ಎಸಿ ರೂಮು. ಅರ್ಧ ಗಂಟೆಗೊಮ್ಮೆ ಮತ್ತೆ ಅದ್ದೋದು.

ಮನೆಗೆ ಬಂದಾಗ ಏನೂ ಇರಲಿಲ್ಲ. 7 ಗಂಟೆಗೆ ಬೆನ್ನು ಚುರುಗುಟ್ಟಿತು. ರಾತ್ರಿಯೆಲ್ಲ ಬೋರಲು ಮಲಗಿದೆ. ಬೆಳಿಗ್ಗೆ ಅವ್ವ ನೋಡಿ, "ಬನಿಯನ್ ಒಳಗ ಹೆಂಗ ಸುಟ್ಟೀತೋ?" ಅಂದಳು. ನಾಲ್ಕನೇ ದಿನ ಹೆಗಲ ಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಚರ್ಮ ಎದ್ದಿತು. ನಾನೇನು ಬೆಳ್ಳಗಿಲ್ಲ. ಕಪ್ಪು ಚರ್ಮಕ್ಕೆ ಸ್ವಲ್ಪ ರಕ್ಷಣೆ ಇದೆ, ಅಷ್ಟೇ.

ತಪ್ಪು ಎಲ್ಲಾಯ್ತು ಅಂದ್ರೆ, ತಂಪಾಗಿದ್ದೀನಿ, ಹಾಗಾಗಿ ಸುಡಲ್ಲ ಅಂದುಕೊಂಡೆ. ಮೈಗೆ ತಾಗುವ ಝಳವೇ ಬೇರೆ, ಚರ್ಮ ಸುಡುವ ಕಿರಣವೇ ಬೇರೆ. ಸುಡೋದು ಹೆಚ್ಚಾಗಿ ಯುವಿ-ಬಿ, ಅಂದ್ರೆ ಬಿಸಿಲಲ್ಲಿರುವ ಅತಿನೇರಳೆ (ಯುವಿ) ಕಿರಣಗಳಲ್ಲಿ ಒಂದು ಬಗೆ. ಅದು ಕಣ್ಣಿಗೆ ಕಾಣಲ್ಲ, ಬಿಸಿಯಾಗಿಯೂ ಗೊತ್ತಾಗಲ್ಲ. ಎಷ್ಟು ನೀರು ಸುರಿದುಕೊಂಡರೂ ಅದು ಕಡಿಮೆ ಆಗಲ್ಲ. ನೀರು ಉಲ್ಟಾ ಕೆಲಸ ಮಾಡಿತು. ಒಣಗಿದ ಬಟ್ಟೆಯ ನೂಲು ಬೆಳಕನ್ನು ಚದುರಿಸುತ್ತೆ. ಸಂದಿಗಳಲ್ಲಿ ನೀರು ತುಂಬಿದರೆ ಬೆಳಕು ನೇರ ಒಳಗೆ. ಒದ್ದೆ ಬಿಳಿ ಬನಿಯನ್‌ನಲ್ಲಿ ಮೈ ಕಾಣುತ್ತಲ್ಲ, ಯುವಿಯೂ ಹಾಗೇ ನುಗ್ಗುತ್ತೆ. ತೆಳು ಬಿಳಿ ಹತ್ತಿ ಬಟ್ಟೆ ಒಣಗಿದ್ದಾಗ ಸುಮಾರು ಏಳರಲ್ಲಿ ಒಂದು ಪಾಲು ಯುವಿ ಬಿಡುತ್ತೆ. ಒದ್ದೆಯಾದರೆ ಮೂರರಲ್ಲಿ ಒಂದು ಪಾಲು! ನಾನೇ ಬಕೆಟ್ ಇಟ್ಟುಕೊಂಡು ಬಾಗಿಲು ತೆಗೆದಿದ್ದೆ.

ಉರಿ ತಡವಾಗಿ ಬರೋದಕ್ಕೂ ಕಾರಣ ಇದೆ. ಆ ಕಿರಣ ಜೀವಕೋಶದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಕೊಂಡಿಗಳನ್ನು ತಪ್ಪಾಗಿ ಬೆಸೆದುಬಿಡುತ್ತೆ. ರಿಪೇರಿ ಆಗದ ಕೋಶಗಳು ಸಾಯುತ್ತವೆ, ದೇಹ ಅಲ್ಲಿಗೆ ರಕ್ತ ಹರಿಸುತ್ತೆ. ಕೆಂಪು, ಉರಿ ಕಾಣಿಸಲು 3ರಿಂದ 5 ಗಂಟೆ ಬೇಕು, ಜೋರಾಗೋದು 12ರಿಂದ 24 ಗಂಟೆಯಲ್ಲಿ. ಉರಿದಾಗ ನೆರಳಿಗೆ ಹೋಗ್ತೀನಿ ಅನ್ನೋ ಲೆಕ್ಕ ನಡೆಯಲ್ಲ.

ಇನ್ನು 30ಕ್ಕೂ 50ಕ್ಕೂ ಸುಮ್ನೆ ತಲೆ ಕೆಡಿಸ್ಕೋಬೇಡಿ. ಒಂದು ಸುಮಾರು 97% ಯುವಿ-ಬಿ ತಡೆದರೆ ಇನ್ನೊಂದು 98%. ಯಾವುದಾದ್ರೂ ತಗೊಳ್ಳಿ. ಮುಖ, ಕುತ್ತಿಗೆ ಹಿಂಭಾಗ, ಕೈಗೆ ಧಾರಾಳವಾಗಿ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ದುಡ್ಡು ಮಿಕ್ಕರೆ ತುಂಬು ತೋಳಿನ, ಒತ್ತಾಗಿ ನೇಯ್ದ, ಗಾಢ ಬಣ್ಣದ ಸಡಿಲ ಅಂಗಿ ತಗೊಳ್ಳಿ. ಪ್ಯಾಂಟಿನ ಚಿಂತೆ ನಿಮಗಿಲ್ಲ, ಜೀನ್ಸ್ ಹೊಲಿಯೋ ಊರಲ್ಲೇ ಇದ್ದೀರಿ.

ಟವೆಲ್ ಬಿಡೋಕೆ ಮನಸ್ಸಿಲ್ವಾ? ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಒದ್ದೆ ಮಾಡಿ ಹೊದ್ಕೊಳ್ಳಿ.