ನಿಮ್ಮ ಲೇಖನ ಶುರುವಾಗುವುದು ಮೂರನೇ ಪುಟದಲ್ಲಿ

ನಮಸ್ಕಾರ.

'ಮದ್ದು ಗೊತ್ತಿಲ್ಲದವರ ಕೈಕೆಳಗೆ' ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫಾರ್ಮಸಿ ಓದದ ಮ್ಯಾನೇಜರುಗಳು ಫಾರ್ಮಸಿಸ್ಟರ ಮೇಲೆ ಅಧಿಕಾರ ನಡೆಸಬಾರದು ಎನ್ನುವುದು ನಿಮ್ಮ ವಾದ. ಬೆಂಗಳೂರಿನಲ್ಲಿ ಆರು ವರ್ಷ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತವರು ನೀವು. ಹೇಳುವ ಹಕ್ಕು ನಿಮಗಿದೆ. ಆದರೆ ಮೊದಲ ಎರಡು ಪುಟ ಬರೀ ಸಿಟ್ಟು. 'ನಾಲ್ಕು ವರ್ಷ ಬಿ.ಫಾರ್ಮ್ ಓದಿದವರಿಗೆ ಬೆಲೆಯಿಲ್ಲ', 'ಬಟ್ಟೆ ಅಂಗಡಿ ನಡೆಸಿದವರು ಬಂದು ನಮಗೆ ಪಾಠ ಹೇಳುತ್ತಾರೆ'. ಸಿಟ್ಟು ನಿಜವಾದದ್ದೇ. ಆದರೂ ಓದುವವರಿಗೆ ಇದು ಇಬ್ಬರು ನೌಕರರ ಜಗಳದ ಹಾಗೆ ಕಾಣುತ್ತದೆ. ಎಲ್ಲ ಕಡೆ ಇರುವುದೇ ಅಲ್ವಾ ಎಂದು ಪುಟ ತಿರುಗಿಸುತ್ತಾರೆ.

ಮೂರನೇ ಪುಟದ ಕೊನೆಗೆ ಐದು ಸಾಲುಗಳಿವೆ. ರಾತ್ರಿ ಒಂಬತ್ತೂವರೆ. ಕೌಂಟರಿನ ಮುಂದೆ ಎಂಟು ಜನ. ಒಬ್ಬ ಹುಡುಗ ಅಜ್ಜಿಯ ಚೀಟಿ ತಂದಿದ್ದಾನೆ. ಅದರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇದೆ, ವಾರಕ್ಕೊಮ್ಮೆ ಎಂದು ಬರೆದಿಲ್ಲ. ನೀವು ಡಾಕ್ಟರಿಗೆ ಫೋನ್ ಮಾಡಲು ಹೊರಟಿರಿ. 'ಇರುವುದನ್ನು ಕೊಟ್ಟು ಕಳಿಸಿ, ಕ್ಯೂ ನೋಡಿ' ಎಂದರು ಮ್ಯಾನೇಜರ್. ನೀವು ಫೋನ್ ಮಾಡಿ, ಕೇಳಿಕೊಂಡೇ ಕೊಟ್ಟಿರಿ. ಆ ತಿಂಗಳ ರಿವ್ಯೂನಲ್ಲಿ ನಿಮ್ಮ ಹೆಸರಿನ ಮುಂದೆ 'ಬಿಲ್ಲಿಂಗ್ ನಿಧಾನ' ಎಂದು ಬಂತು.

ನಿಮ್ಮ ಲೇಖನ ಇದೇ. ಇಲ್ಲಿಂದ ಶುರು ಮಾಡಿ.

ಆ ಮಾತ್ರೆ ಏನು ಮಾಡುತ್ತದೆ ಎಂದು ನೀವು ಹೇಳಿಯೇ ಇಲ್ಲ. ನಿಮಗೆ ಅದು ದಿನಬೆಳಗಾದರೆ ಕಾಣುವ ವಿಷಯ, ಓದುಗರಿಗೆ ಹಾಗಲ್ಲ. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯಲ್ಲಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಜೀವವೇ ಹೋಗಬಹುದು. ಇದು ನನಗೆ ಗೊತ್ತಾದದ್ದು ಅಮ್ಮನಿಂದ. ಅವರಿಗೆ ಈ ಮಾತ್ರೆ ಶುರುವಾದಾಗ ನಮ್ಮ ಬೀದಿಯ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ 'ಭಾನುವಾರ ಮಾತ್ರ' ಎಂದು ಬರೆದರು. ಅದರ ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಟ್ಟಿದ್ದ ಫೋಲಿಕ್ ಆಸಿಡ್ ಎಂಬ ವಿಟಮಿನ್ ಸ್ಟ್ರಿಪ್ಪಿನ ಮೇಲೆ ಬೇರೆ ದಿನ ಬರೆದರು. 'ಯಾವತ್ತು ತಗೋತೀರಮ್ಮ, ಹೇಳಿ ನೋಡೋಣ' ಎಂದು ಅಮ್ಮನ ಬಾಯಲ್ಲೇ ಹೇಳಿಸಿದರು. ಮೂರು ನಿಮಿಷ ಆಗಿರಬಹುದು. ನಿಮ್ಮ ಅಂಗಡಿಯ ರಿವ್ಯೂನಲ್ಲಿ ಆ ಮೂರು ನಿಮಿಷ ನಷ್ಟದ ಬಾಬ್ತು. ಅದನ್ನು ಓದುಗರಿಗೆ ಕಾಣಿಸಿ. ಆಗ 'ಅಧಿಕಾರ', 'ಅವಮಾನ' ಎಂಬ ಪದಗಳು ಬೇಕಾಗುವುದೇ ಇಲ್ಲ.

ಕಾನೂನಿನ ಭಾಗದಲ್ಲಿ ತಪ್ಪಿದ್ದೀರಿ. ಫಾರ್ಮಸಿಸ್ಟರು ಬೇರೆಯವರ ಕೆಳಗೆ ಕೆಲಸ ಮಾಡಕೂಡದು ಎಂದು ಕಾನೂನೇ ಹೇಳುತ್ತದೆ ಎಂದಿದ್ದೀರಿ. ಹಾಗೆ ಎಲ್ಲೂ ಇಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಚೀಟಿಯ ಮದ್ದನ್ನು ಅವರೇ ಕೊಡಬೇಕು, ಇಲ್ಲವೇ ಅವರ ಖುದ್ದು ಉಸ್ತುವಾರಿಯಲ್ಲಿ ಕೊಡಬೇಕು. ಅಂಗಡಿಯ ಮಾಲೀಕರು ಯಾರಾದರೂ ಆಗಬಹುದು. ರಜೆ ಯಾರು ಕೊಡಬೇಕು, ಶಿಫ್ಟ್ ಯಾರು ಹಾಕಬೇಕು ಎಂಬುದು ಅಲ್ಲಿಲ್ಲ. ಇದನ್ನು ಇದ್ದ ಹಾಗೇ ಬರೆದರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಕೌಂಟರಿನಲ್ಲಿ ಉಸ್ತುವಾರಿ ನಿಮ್ಮದು ಎನ್ನುತ್ತದೆ ನಿಯಮ. ಅದನ್ನು ಮಾಡಿದ್ದಕ್ಕೇ ನಿಮಗೆ ಕೆಟ್ಟ ರಿವ್ಯೂ ಬಂತು. ಟಾರ್ಗೆಟ್ ಮುಟ್ಟಲು ಚೀಟಿಯಲ್ಲಿದ್ದ ಮಾತ್ರೆಯ ಬದಲು ಬೇರೆ ಕಂಪನಿಯದು ಕೊಡಿ ಎನ್ನುತ್ತಾರೆ ಎಂದೂ ಬರೆದಿದ್ದೀರಿ. ಷೆಡ್ಯೂಲ್ ಎಚ್ ಮದ್ದಿಗೆ, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಮದ್ದಿಗೆ, ಹಾಗೆ ಬದಲಿ ಕೊಡುವಂತಿಲ್ಲ ಎಂದು ಅದೇ 65ನೇ ನಿಯಮದಲ್ಲಿದೆ. ಅದನ್ನು ಬಿಟ್ಟದ್ದು ಯಾಕೆ?

ಜರ್ಮನಿಯದು ನಿಮಗೆ ಉಪಯೋಗಕ್ಕೆ ಬರಬಹುದು. ಅಲ್ಲಿ ಮೆಡಿಕಲ್ ಶಾಪಿನ ಮಾಲೀಕರೇ ಫಾರ್ಮಸಿಸ್ಟ್ ಆಗಿರಬೇಕು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2009ರ ಮೇ ತಿಂಗಳಲ್ಲಿ ಯುರೋಪಿನ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಸಂಬಳಕ್ಕಿರುವ ಫಾರ್ಮಸಿಸ್ಟರಿಗೆ ಮಾಲೀಕರ ಸೂಚನೆಯನ್ನು ವಿರೋಧಿಸುವುದು ಕಷ್ಟವಾಗಬಹುದು ಎನ್ನುವುದು ಕೊಟ್ಟ ಕಾರಣಗಳಲ್ಲಿ ಒಂದು. ನಿಮ್ಮ ಒಂಬತ್ತೂವರೆಯ ಕಥೆ ಅದೇ ಅಲ್ವಾ?

ಆದರೆ ನಿಮ್ಮ ಕೊನೆಯ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಎಲ್ಲ ಮ್ಯಾನೇಜರುಗಳೂ ಫಾರ್ಮಸಿ ಓದಿರಲೇಬೇಕು ಎಂದಿದ್ದೀರಿ. ಬಾಡಿಗೆ, ಸಂಬಳ, ಕೆಟ್ಟ ಫ್ರಿಜ್ಜಿನ ರಿಪೇರಿ ನೋಡಿಕೊಳ್ಳಲು ಬಿ.ಫಾರ್ಮ್ ಬೇಕಿಲ್ಲ. ಆದರೆ ಆ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಇನ್ನೂ ಕೊಡಬಹುದೇ ಎನ್ನುವ ಮಾತು ಫಾರ್ಮಸಿಸ್ಟರದ್ದು. ಚೀಟಿಯ ವಿಷಯದಲ್ಲಿ ಅವರು ನಿಲ್ಲಿಸಿದರೆ ಅದು ನಿಂತಂತೆ. ಅವರ ಕೆಲಸಕ್ಕೆ ಅಂಕ ಹಾಕುವವರು ಇನ್ನೊಬ್ಬ ಫಾರ್ಮಸಿಸ್ಟ್ ಆಗಿರಬೇಕು. ಇಷ್ಟನ್ನು ಕೇಳಿದರೆ ಯಾವ ಕಂಪನಿಗೂ ತಳ್ಳಿಹಾಕುವುದು ಸುಲಭವಲ್ಲ. ಇದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಿರಿ, ಹಾಗೆಯೇ ಪ್ರಕಟಿಸುತ್ತೇನೆ.

ಒಂದು ವಿಷಯ ನೀವು ಮುಟ್ಟಿಯೇ ಇಲ್ಲ. ಸರ್ಟಿಫಿಕೇಟನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ಮನೆಯಲ್ಲಿರುವ ಫಾರ್ಮಸಿಸ್ಟರು. ಗೋಡೆಯ ಮೇಲೆ ಅವರ ಫೋಟೊ, ಕೌಂಟರಿನಲ್ಲಿ ಹತ್ತನೇ ತರಗತಿ ಓದಿದ ಹುಡುಗ. ಓದುಗರು ಮೊದಲು ಕೇಳುವುದೇ ಇದನ್ನು. ನಿಮ್ಮ ವೃತ್ತಿಯವರ ಮೇಲೆ ಬರೆಯುವುದು ಕಷ್ಟ, ಗೊತ್ತು. ನೀವು ಬರೆಯದಿದ್ದರೆ ನಿಮ್ಮ ಉಳಿದ ಮಾತನ್ನು ಯಾರೂ ನಂಬುವುದಿಲ್ಲ.

ಭಾಷೆ ಚೆನ್ನಾಗಿದೆ. 'ಶೋಷಣೆ' ಎಂಬ ಪದ ಹದಿನಾಲ್ಕು ಸಲ ಬಂದಿದೆ, ಎಲ್ಲವನ್ನೂ ತೆಗೆಯಿರಿ. ಮ್ಯಾನೇಜರ್ ಹೆಸರನ್ನೂ ಅಂಗಡಿಯ ಹೆಸರನ್ನೂ ತೆಗೆಯಿರಿ. ಅವರಿಗೂ ಮೇಲಿನವರ ಟಾರ್ಗೆಟ್ ಇದ್ದಿರಬೇಕು, ಗೊತ್ತಿದ್ದರೆ ಅದನ್ನು ಸೇರಿಸಿ. ಸಾವಿರ ಪದ ಸಾಕು. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ನೋಡುತ್ತೇನೆ.

ಮತ್ತೆ, ಫೋನಿನಲ್ಲಿ ಡಾಕ್ಟರ್ ಏನೆಂದರು? ಹುಡುಗನ ಕೈಗೆ ಸ್ಟ್ರಿಪ್ ಕೊಡುವಾಗ ನೀವು ಏನು ಹೇಳಿದಿರಿ? ಅಜ್ಜಿ ಈಗ ಹೇಗಿದ್ದಾರೆ? ಈ ಮೂರೂ ನಿಮ್ಮ ಬರಹದಲ್ಲಿಲ್ಲ. ನಾನು ಎರಡನೇ ಸಲ ಓದಿದ್ದೇ ಅದನ್ನು ಹುಡುಕಲು.